ಒಂದು ನುಕ್ತೆಯ ಸಾಕ್ಷ್ಯ

ಉರ್ದು ಬಲ್ಲವರಿಗೆ ನುಕ್ತೆಯ ಮಹಿಮೆ ಗೊತ್ತು. 'ಖುದಾ' ಎಂಬ ಪದದ ಮೊದಲ ಅಕ್ಷರದ ಮೇಲಿರುವ ಚುಕ್ಕೆ ಕೆಳಗಿಳಿದರೆ ಅದು 'ಜುದಾ' ಆಗುತ್ತದೆ, ಅಂದರೆ ಬೇರೆಯಾದದ್ದು. ನಮ್ಮ ದೇಹದೊಳಗಿನ ಬರಹವೂ ಇಂಥದೇ. ಸುಮಾರು 300 ಕೋಟಿ ಅಕ್ಷರಗಳ ಆ ಬರಹದಲ್ಲಿ ಮನುಷ್ಯರೆಲ್ಲ ಹೆಚ್ಚುಕಡಿಮೆ ಒಂದೇ. ಸಾವಿರಕ್ಕೊಂದರಂತೆ ಎಲ್ಲೋ ಒಂದಕ್ಷರ ಬದಲಾಗಿರುತ್ತದೆ. ಈ ಒಂಟಿ ಅಕ್ಷರದ ವ್ಯತ್ಯಾಸಕ್ಕೆ ವಿಜ್ಞಾನಿಗಳು 'ಸ್ನಿಪ್' ಎನ್ನುತ್ತಾರೆ.

ಪೊಲೀಸರು ಬಹುಕಾಲ ನೆಚ್ಚಿಕೊಂಡದ್ದು ಬೇರೆ ಗುರುತನ್ನು. ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳನ್ನು ಎಣಿಸುವ ವಿಧಾನ ಅದು. ಅಮೆರಿಕದ ರಾಷ್ಟ್ರೀಯ ಕೋಶ 2017ರಿಂದ ಇಂಥ 20 ತಾಣಗಳನ್ನು ನೋಡುತ್ತದೆ. ಆದರೆ ಅಪರಾಧಿಯ ಮಾದರಿ ಮೊದಲೇ ಕೋಶದಲ್ಲಿಲ್ಲದಿದ್ದರೆ ಅದು ಬಹುಮಟ್ಟಿಗೆ ಮೂಕ. ಲಕ್ಷಗಟ್ಟಲೆ ಸ್ನಿಪ್‌ಗಳನ್ನು ಓದಿದರೆ ಹಾಗಲ್ಲ. ನಾಲ್ಕು ತಲೆಮಾರು ಹಿಂದಿನ ಅಜ್ಜನೊಬ್ಬನ ಮೂಲಕ ಸಂಬಂಧಿಯಾದವನೂ ಪತ್ತೆಯಾಗುತ್ತಾನೆ. ಚೂರುಚೂರಾದ ಡಿಎನ್‌ಎಯಲ್ಲೂ ಸ್ನಿಪ್ ಓದಬಹುದು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ, ಬೆಂದುಹೋದ ಅವಶೇಷಗಳಿಗೆ ಹೆಸರು ಕೊಡಲು ಅದನ್ನೂ ಬಳಸಲಾಯಿತು. ಸತ್ತವರನ್ನು ಮನೆಯವರಿಗೆ ಒಪ್ಪಿಸಿದ ವಿದ್ಯೆಯನ್ನು ನಾವು ಹಗುರವಾಗಿ ಅಲ್ಲಗಳೆಯಲಾರೆವು.

ಕ್ಯಾಲಿಫೋರ್ನಿಯಾದ ಪ್ರಕರಣವನ್ನೇ ನೋಡೋಣ. 1970 ಮತ್ತು 80ರ ದಶಕಗಳಲ್ಲಿ ಅಲ್ಲಿ 13 ಕೊಲೆ, ಹತ್ತಾರು ಅತ್ಯಾಚಾರ ನಡೆಸಿದವನು ದಶಕಗಳ ಕಾಲ ಸಿಗಲೇ ಇಲ್ಲ. ತನಿಖೆಗಾರರು ಹಳೆಯ ಮಾದರಿಯ ಸ್ನಿಪ್‌ಗಳನ್ನು ಜೆಡ್‌ಮ್ಯಾಚ್ ಮುಂತಾದ ವಂಶಾವಳಿ ಕೋಶಗಳಿಗೆ ಹಾಕಿದರು. ದೂರದ ದಾಯಾದಿಗಳು ಸಿಕ್ಕರು. ಅವರಿಂದ ವಂಶವೃಕ್ಷ ಬೆಳೆಯಿತು. ಅದರ ಒಂದು ಕೊಂಬೆಯಲ್ಲಿ ಜೋಸೆಫ್ ಡಿಏಂಜಲೋ ಇದ್ದ. ಮಾಜಿ ಪೊಲೀಸ್! 2018ರ ಏಪ್ರಿಲ್‌ನಲ್ಲಿ ಸೆರೆಯಾದ ಅವನು 2020ರಲ್ಲಿ ತಪ್ಪೊಪ್ಪಿಕೊಂಡು ಜೀವಾವಧಿ ಶಿಕ್ಷೆಗೆ ಗುರಿಯಾದ. ಅಷ್ಟು ವರ್ಷ ಬಾಗಿಲಿನ ಸದ್ದಿಗೆ ಬೆಚ್ಚಿದ ಹೆಣ್ಣುಮಕ್ಕಳಿಗೆ ಇದು ಸಣ್ಣ ನ್ಯಾಯವಲ್ಲ.

ಆದರೆ ಆ ದಾಯಾದಿಗಳನ್ನು ಯಾರು ಕೇಳಿದ್ದರು? ಅವರು ತಮ್ಮ ಜೊಲ್ಲನ್ನು ಕೊಟ್ಟದ್ದು ಹಿರಿಯರ ಬೇರು ಹುಡುಕಲು. ಅವರ ಒಪ್ಪಿಗೆಯನ್ನು ಊಹಿಸಿಕೊಳ್ಳೋಣವೆಂದರೂ, ಏನನ್ನೂ ಕೊಡದ ಅವರ ಅಣ್ಣತಮ್ಮಂದಿರ, ಹುಟ್ಟಬೇಕಾದ ಮೊಮ್ಮಕ್ಕಳ ಒಪ್ಪಿಗೆ ಎಲ್ಲಿದೆ? ಮನೆಯ ಕೀಲಿ ಒಬ್ಬನ ಕೈಯಲ್ಲಿದ್ದ ಮಾತ್ರಕ್ಕೆ ಮನೆ ಅವನೊಬ್ಬನದಾಗುವುದಿಲ್ಲ. ಈ ಟೀಕೆಗಳ ನಡುವೆ 2019ರಲ್ಲಿ ಜೆಡ್‌ಮ್ಯಾಚ್, ಸ್ವತಃ ಒಪ್ಪಿದವರ ಮಾಹಿತಿಯನ್ನಷ್ಟೇ ಪೊಲೀಸರಿಗೆ ತೆರೆಯುವ ನಿಯಮ ತಂದಿತು. ಮೊಮ್ಮಕ್ಕಳ ಪ್ರಶ್ನೆ ಆಗಲೂ ಉಳಿಯಿತು.

ಇನ್ನೊಂದು ಸಂಗತಿಯೂ ಇದೆ. ಡಿಏಂಜಲೋ ಸಿಗುವುದಕ್ಕೆ ಮುನ್ನ, 2017ರಲ್ಲಿ, ತಂದೆಯಿಂದ ಮಗನಿಗೆ ಬರುವ ವರ್ಣತಂತುವಿನ ಒಂದು ಅಪರೂಪದ ಗುರುತನ್ನು ನಂಬಿ ತನಿಖೆಗಾರರು ಒರೆಗಾನ್‌ನ ವೃದ್ಧರೊಬ್ಬರನ್ನು ಶಂಕಿಸಿದ್ದರು. ಶುಶ್ರೂಷಾ ಗೃಹದಲ್ಲಿದ್ದ ರೋಗಿ ಅವರು. ನ್ಯಾಯಾಲಯದ ಆದೇಶದಿಂದ ಮಾದರಿ ತೆಗೆದರು, ಹೊಂದಲಿಲ್ಲ. ಕೊನೆಗೆ ಡಿಎನ್‌ಎಯೇ ಅವರನ್ನು ಬಿಡಿಸಿತು, ನಿಜ. ಆದರೆ ಅವರ ಬಾಗಿಲಿಗೆ ಸಂಶಯವನ್ನು ತಂದದ್ದೂ ಅದೇ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. 2022ರ ಕಾಯಿದೆಯೊಂದು ಬಂಧಿತರ ಜೈವಿಕ ಮಾದರಿಗಳ ವಿವರವನ್ನು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಡಿಎನ್‌ಎಗೆಂದೇ ರೂಪಿಸಿದ್ದ ಮಸೂದೆಯನ್ನು ಸರ್ಕಾರ 2023ರಲ್ಲಿ ಹಿಂತೆಗೆದುಕೊಂಡಿತು. ಹಕ್ಕು ಒಬ್ಬ ವ್ಯಕ್ತಿಯದು. ರಕ್ತ ಮಾತ್ರ ಇಡೀ ಕುಟುಂಬದ್ದು. ಈ ಎರಡರ ನಡುವಿನ ಸಂದಿಯಲ್ಲಿ ನಾವೆಲ್ಲ ನಿಂತಿದ್ದೇವೆ.

ವಿದ್ಯೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಕೊಲೆ, ಅತ್ಯಾಚಾರದಂಥ ಘೋರ ಕೃತ್ಯಗಳಿಗೆ ಮಾತ್ರ, ಬೇರೆ ದಾರಿಗಳು ಮುಚ್ಚಿದ ಮೇಲೆ, ನ್ಯಾಯಾಧೀಶರ ಕಣ್ಣೆದುರು ಅದು ಬಳಕೆಯಾಗಲಿ. ನಿರ್ದೋಷಿ ಎಂದಾದವನ ಮಾದರಿ ಅಂದೇ ನಾಶವಾಗಲಿ. ವಂಶವೃಕ್ಷ ತೋರುವುದು ದಾರಿಯನ್ನಷ್ಟೇ, ಅಪರಾಧವನ್ನಲ್ಲ. ತಪ್ಪು ಮಾಡಿದವನು ಒಬ್ಬ. ಅವನ ನೆತ್ತರಿನ ನೆಂಟರೆಲ್ಲ ಕಟಕಟೆಯಲ್ಲಿ ನಿಲ್ಲಬೇಕಾಗಿಲ್ಲ.