ತಡೆಯುವವನ ಕಾಯಕ

ಕಬಡ್ಡಿಯಲ್ಲಿ ಡಿಫೆಂಡರನ ಕೆಲಸ ಎದುರಾಳಿ ರೈಡರನ್ನು ತಡೆಯುವುದು. ಅಂಕಣದಲ್ಲಿ ಏಳು ಜನ, ಒಂದು ರೈಡಿಗೆ 30 ಸೆಕೆಂಡು. ರೈಡರ್ ಮುಟ್ಟಿ ನಡುಗೆರೆಗೆ ಮರಳಿದರೆ ಮುಟ್ಟಿಸಿಕೊಂಡವನು ಔಟ್. ಹಿಡಿದು ನಿಲ್ಲಿಸಿದರೆ ಡಿಫೆಂಡರನ ತಂಡಕ್ಕೆ ಅಂಕ. ಇವೆರಡೂ ಆಗದ ರೈಡುಗಳು ಹಲವು. ಕಾರ್ನರ್ ಮತ್ತು ಕವರ್ ಸ್ಥಾನದ ಆಟಗಾರರು ಸಂದು ಕೊಡದೆ ನಿಂತಾಗ ರೈಡರ್ ಬರಿಗೈಲಿ ಹಿಂದಿರುಗುತ್ತಾನೆ, ಡಿಫೆಂಡರನ ಖಾತೆಗೆ ಏನೂ ಜಮೆಯಾಗುವುದಿಲ್ಲ. ನಾಲ್ವರು ಸೇರಿ ಹಿಡಿದರೂ ವೃತ್ತಿಪರ ಲೀಗಿನ ಲೆಕ್ಕದಲ್ಲಿ ಅಂಕ ಒಬ್ಬನ ಹೆಸರಿಗೆ. ಆಗದಂತೆ ತಡೆದದ್ದಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದು ಇಲ್ಲಿರುವ ತಾತ್ವಿಕ ಪ್ರಶ್ನೆ.

ಫಲವನ್ನೇ ಅಳತೆಗೋಲಾಗಿ ಹಿಡಿದರೆ ಉತ್ತರ ಸಿಗದು. ತಪ್ಪಿಹೋದ ಕೇಡನ್ನು ಯಾರೂ ಕಂಡಿರುವುದಿಲ್ಲ. ಕರ್ಮದಲ್ಲಷ್ಟೇ ಅಧಿಕಾರ, ಫಲದಲ್ಲಿಲ್ಲ ಎಂಬುದು ಗೀತೆಯ ನಿಲುವು. ಶರಣರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು: ದುಡಿಮೆಯೇ ಪೂಜೆ, ಅದರ ಫಲ ಸಮಾಜಕ್ಕೆ ಸಲ್ಲಬೇಕಾದ ದಾಸೋಹ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮ ಕಾಯಕದ ಬೆಲೆಯನ್ನು ಗಳಿಕೆಯ ರಾಶಿಯಿಂದ ಬಿಡಿಸಿ ನೋಡಿದವಳು.

ಮಲಪ್ರಭಾ ನದಿಯ ಸೀಮೆಯಲ್ಲಿ ಫಲ ನೋಡದೆ ತಡೆಯುವ ಈ ವಿಚಾರಕ್ಕೆ ಚರಿತ್ರೆಯ ನೆನಪೂ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ಬಳಿಕ ಶರಣರು ವಚನದ ಕಟ್ಟುಗಳೊಡನೆ ಉಳವಿಯತ್ತ ಹೊರಟರು. ಬೆನ್ನಟ್ಟಿದ ಸೈನ್ಯವನ್ನು ತಡೆಯುವ ಹೊಣೆ ಮಡಿವಾಳ ಮಾಚಿದೇವರಂಥವರದು. ಕಿತ್ತೂರು ತಾಲ್ಲೂಕಿನ ಕಾದರವಳ್ಳಿಯಲ್ಲಿ ಕಾಳಗವಾಯಿತು, ಡೋಹರ ಕಕ್ಕಯ್ಯ ಕಕ್ಕೇರಿಯಲ್ಲಿ ಐಕ್ಯರಾದರು ಎಂಬುದು ಪರಂಪರೆಯ ಮಾತು. ಈ ಕಾವಲುಗಾರರು ರಾಜ್ಯ ಗೆಲ್ಲಲಿಲ್ಲ, ಅವರಲ್ಲಿ ಬಹುಪಾಲು ಜನರ ಹೆಸರೂ ಉಳಿದಿಲ್ಲ. ಉಳಿದದ್ದು ಅವರು ಕಾದ ವಚನಗಳು.

ಫಲ ಕೇಳಬಾರದೆಂದರೆ ಮೈಗಳ್ಳನಿಗೂ ನೆಪ ಸಿಕ್ಕಂತಾಗದೇ ಎಂಬ ಆಕ್ಷೇಪ ಏಳಬಹುದು. ಶರಣರು ಕೇಳಿದ್ದು ಸತ್ಯಶುದ್ಧ ಕಾಯಕ. ಅದರಲ್ಲಿ ಸಡಿಲಿಕೆಗೆ ಎಡೆಯಿಲ್ಲ. ತನ್ನ ಅಂಕದ ಆಸೆಗೆ ಆತುರಪಟ್ಟು ರೈಡರನ ಕಾಲು ಹಿಡಿಯಲು ಧುಮುಕುವ ಕಾರ್ನರ್ ಆಟಗಾರ ಇಡೀ ತಂಡದ ಸಾಲು ಮುರಿಯುತ್ತಾನೆ. ತನ್ನ ಜಾಗ ಬಿಡದಿರುವುದು, ಪಕ್ಕದವನ ಹಿಡಿತ ಜಾರುವ ಹೊತ್ತಿಗೆ ಕೈ ಕೂಡಿಸುವುದು ಕಣ್ಣಿಗೆ ಕಾಣುವ ಗುಣಗಳೇ. ಡಿಫೆಂಡರನ ಆಟದ ಬದುಕನ್ನು ತೂಗಬೇಕಾದದ್ದು ಇವುಗಳಿಂದ. ಅಂಕಪಟ್ಟಿ ಹೇಳುವುದು ಅದರ ಒಂದು ಪಾಲನ್ನು ಮಾತ್ರ.