ಊರು ಸರಿಯುತ್ತದೆ, ಚುಕ್ಕಿ ನಿಂತಿರುತ್ತದೆ

ತೆಂಗಿನ ತೋಟ, ಹೆಂಚಿನ ಮನೆ, ಕಬ್ಬಿನ ಗದ್ದೆಗಳ ಮೇಲೆ ಹಾರುವಷ್ಟು ಹೊತ್ತು ಡ್ರೋನ್ ಕ್ಯಾಮೆರಾದ ಚಿತ್ರದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಕ್ಯಾಮೆರಾ ತುಸು ತಲೆಯೆತ್ತಿ, ಚಿತ್ರದ ಮೇಲರ್ಧಕ್ಕೆ ಬೆಳಗಿನ ಆಕಾಶ ಬಂದಿತೋ, ಬಲಗಡೆಯ ಮೂಲೆಯಲ್ಲಿ ಮಸುಕು ಚುಕ್ಕಿಯೊಂದು ಪ್ರತ್ಯಕ್ಷ. ಅದು ಆಗ ಹುಟ್ಟಿದ್ದಲ್ಲ. ತೋಟದ ಮೇಲೆ ಹಾರುವಾಗಲೂ ಇತ್ತು, ಗರಿಗಳ ಸಂದಣಿಯಲ್ಲಿ ತಲೆಮರೆಸಿಕೊಂಡಿತ್ತು. ತುಂಬಿದ ಚಿತ್ರ ಎಷ್ಟು ಕಲೆಗಳನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಖಾಲಿ ಆಕಾಶಕ್ಕೆ ಆ ದಾಕ್ಷಿಣ್ಯವಿಲ್ಲ.

ಅದಕ್ಕೇ ಈ ಕೆಲಸ ಬಲ್ಲವರು ಮೊದಲು ಬರಿಯ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆದು ನೋಡುತ್ತಾರೆ. ಆಮೇಲೆ ಡ್ರೋನನ್ನು ಕೊಂಚ ತಿರುಗಿಸಿ ಇನ್ನೊಂದು ಚಿತ್ರ. ಎರಡರಲ್ಲೂ ಚುಕ್ಕಿ ಅದೇ ಮೂಲೆಯಲ್ಲಿದ್ದರೆ ಅದು ಕ್ಯಾಮೆರಾದ್ದು. ಜಾಗ ಬದಲಿಸಿದರೆ ಹೊರಗಿನದು. ವಿಡಿಯೋದಲ್ಲಿ ಇದು ಇನ್ನೂ ನಿಚ್ಚಳ: ಕೆಳಗೆ ಊರು, ಕೆರೆ, ಗುಡ್ಡ ಎಲ್ಲ ಸರಿಯುತ್ತಿರುತ್ತವೆ, ಚುಕ್ಕಿ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಇದನ್ನು ಮನುಷ್ಯರಿಗೆ ಹೊಂದಿಸಿ ನೋಡುವ ಆಸೆ ಯಾರಿಗಾದರೂ ಬರುತ್ತದೆ. ವರ್ಗವಾಗಿ ಹೋದ ಊರಿನಲ್ಲೆಲ್ಲ ಒಬ್ಬನಿಗೆ ಜನ ಒಂದೇ ರೀತಿ ಜಿಪುಣರಾಗಿ, ಒಂದೇ ರೀತಿ ಕೃತಘ್ನರಾಗಿ ಕಂಡರೆ, ಆ ಚುಕ್ಕಿ ಎಲ್ಲಿದೆ ಎಂದು ಹೇಳಲು ದೊಡ್ಡ ವಿದ್ಯೆ ಬೇಡ. ಹಾಗೆಂದು ಕಂಡ ದೋಷವೆಲ್ಲ ನೋಡುವವನ ಕಣ್ಣಿನದೇ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವ ಉಪದೇಶ ನನಗೆ ಸೋಮಾರಿತನವಾಗಿ ಕಾಣುತ್ತದೆ. ಲೋಕದಲ್ಲೂ ಕಲೆಗಳಿವೆ. ಯಾವುದು ಯಾರದು ಎಂದು ಒಂದೊಂದನ್ನೂ ಬೇರೆಬೇರೆಯಾಗಿ ವಿಚಾರಿಸುವುದೇ ಕಷ್ಟದ ಕೆಲಸ.

ಕ್ಯಾಮೆರಾದ ಒಳಗಿನ ಚುಕ್ಕಿಯ ಸ್ವಭಾವ ವಿಚಿತ್ರ. ಧೂಳಿನ ಕಣ ಕೂತಿರುವುದು ಸೆನ್ಸರ್ ಮೇಲೆ ನೇರವಾಗಿ ಅಲ್ಲ, ಅದರ ಮೇಲೆ ಹೊದಿಸಿದ ತೆಳು ಗಾಜಿನ ಮೇಲೆ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್/2.8ರಷ್ಟು ಅಗಲವಾಗಿದ್ದರೆ ಬೆಳಕು ನಾಲ್ಕೂ ಕಡೆಯಿಂದ ಓರೆಯಾಗಿ ನುಗ್ಗಿ ಕಣದ ನೆರಳನ್ನು ಅಳಿಸಿಬಿಡುತ್ತದೆ. ಕಿಂಡಿಯನ್ನು ಎಫ್/11ಕ್ಕೆ ಇಳಿಸಿದರೆ ಬೆಳಕು ಸಪೂರವಾಗಿ ಬಂದು ನೆರಳು ಗಟ್ಟಿಯಾಗುತ್ತದೆ. ಹತ್ತಿರದ್ದೂ ದೂರದ್ದೂ ಸ್ಫುಟವಾಗಿ ಬರಲಿ ಎಂದು ಕಿಂಡಿ ಕಿರಿದು ಮಾಡಿದವನಿಗೆ ಒಳಗಿನ ಧೂಳೂ ಅಷ್ಟೇ ಸ್ಫುಟವಾಗಿ ಸಿಗುತ್ತದೆ. ಚಿತ್ರ ಸೆನ್ಸರ್ ಮೇಲೆ ತಲೆಕೆಳಗಾಗಿ ಬೀಳುವುದರಿಂದ, ಆಕಾಶದಲ್ಲಿ ಕಾಣುವ ಚುಕ್ಕಿಯ ಕಣ ಇರುವುದು ಸೆನ್ಸರ್‌ನ ಕೆಳಭಾಗದಲ್ಲಿ. ಸಣ್ಣ ಡ್ರೋನ್‌ಗಳ ಲೆನ್ಸನ್ನು ನಾವು ಬಿಚ್ಚುವಂತಿಲ್ಲ. ಅಲ್ಲಿ ಒಳಗೆ ಸೇರಿದ್ದನ್ನು ತೆಗೆಯುವುದು ಸರ್ವಿಸ್ ಸೆಂಟರ್‌ನವರ ಪಾಲು.

ಹೊರಗಾಜಿನ ಕೊಳೆ ನಮ್ಮ ಕೈಯಲ್ಲೇ ಇದೆ: ಬೆರಳಿನ ಜಿಡ್ಡು, ಮಂಜಿನ ಹನಿ, ಕೆಂಪು ಮಣ್ಣು. ಸೂರ್ಯನಿಗೆ ಎದುರಾಗಿ ಹಾರಿಸಿದಾಗ ಇವೆಲ್ಲ ಮಬ್ಬು ಪೊರೆಯಾಗಿ, ಹೊಳೆಯುವ ಬಿಲ್ಲೆಗಳಾಗಿ ಚಿತ್ರದಲ್ಲಿ ಮೂಡುತ್ತವೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಬೇಕು, ಆಮೇಲೆಯೇ ಮೆತ್ತನೆಯ ಬಟ್ಟೆ. ಅಂಗಿಯ ಚುಂಗಿನಲ್ಲಿ ಒಣದಾಗಿ ಉಜ್ಜಿದರೆ ಇವತ್ತಿನ ಧೂಳು ನಾಳೆಯ ಗೀರು. ಕ್ಯಾಮೆರಾವನ್ನು ಹಿಡಿದಿರುವ ಗಿಂಬಲ್ ಕೂಡ ನಾಜೂಕಿನದು, ಅದರ ಮೇಲೆ ಭಾರ ಬೀಳಬಾರದು.

ಈ ಮಣ್ಣನ್ನು ಎಬ್ಬಿಸುವುದು ಬಹುಮಟ್ಟಿಗೆ ಡ್ರೋನೇ. ಯಾವ ಗಾಳಿಯನ್ನು ಕೆಳಕ್ಕೆ ತಳ್ಳಿ ಅದು ಮೇಲೇಳುತ್ತದೋ ಅದೇ ಗಾಳಿ ನೆಲದ ಪುಡಿಯನ್ನು ಲೆನ್ಸಿಗೆ ಎರಚುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಹೊಲದ ನಡುವಿನಿಂದ ಹಾರಿಸುವುದಕ್ಕಿಂತ ಟಾರ್ಪಲ್ ಹಾಸಿ ಹಾರಿಸುವುದು ವಾಸಿ. ಚೆನ್ನಾಗಿ ಸಗಣಿ ಸಾರಿಸಿದ ಅಂಗಳ ಸಿಕ್ಕರಂತೂ ಹೇಳುವುದೇ ಬೇಡ. ಧೂಳನ್ನು ನೆಲಕ್ಕೇ ಕಟ್ಟಿಹಾಕುವ ಆ ಹಳೆಯ ಉಪಾಯಕ್ಕೆ ಇಂಥ ಹೊಸ ಉಪಯೋಗವನ್ನು ನಮ್ಮ ಅಜ್ಜಿಯರು ಎಣಿಸಿರಲಿಕ್ಕಿಲ್ಲ.

ಮೇಲೆತ್ತುವುದೇ ಚಿತ್ರವನ್ನು ಕೆಡಿಸಿದ ಕಥೆ ವೈಮಾನಿಕ ಛಾಯಾಗ್ರಹಣದಷ್ಟೇ ಹಳೆಯದು. 1858ರಲ್ಲಿ ಫ್ರಾನ್ಸಿನ ನಾದಾರ್ ಪ್ಯಾರಿಸ್ ಹತ್ತಿರ ಹಗ್ಗ ಕಟ್ಟಿದ ಬಲೂನಿನಲ್ಲಿ ಏರಿ ನೆಲದ ಚಿತ್ರ ತೆಗೆಯಲು ಹೊರಟ. ಆಗ ಒದ್ದೆ ಗಾಜಿನ ಪ್ಲೇಟುಗಳ ಕಾಲ. ತೊಟ್ಟಿಲಿನಲ್ಲೇ ಕತ್ತಲೆಯ ಡೇರೆ ಕಟ್ಟಿಕೊಂಡು, ಅಲ್ಲೇ ರಾಸಾಯನಿಕ ಹಚ್ಚಿ, ಅಲ್ಲೇ ತೊಳೆಯಬೇಕು. ಏರಿದಾಗಲೆಲ್ಲ ಪ್ಲೇಟು ಕಪ್ಪಾಗಿ ಬಂತು. ರಾಸಾಯನಿಕ ಬದಲಿಸಿದ, ಪಾತ್ರೆ ತೊಳೆದ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಬಲೂನಿನ ಬಾಯಿ ಮುಚ್ಚಿ ಏರಿದಾಗ ಕೆಲವು ಮನೆಗಳ ಮಸುಕು ಚಿತ್ರ ಮೂಡಿತು. ತಲೆಯ ಮೇಲಿನ ಬಲೂನಿನಿಂದ ಸೋರುತ್ತಿದ್ದ ಅನಿಲದಲ್ಲಿ ಗಂಧಕದ ಅಂಶವಿತ್ತು, ಅದು ಪ್ಲೇಟಿನ ಬೆಳ್ಳಿಯ ಲವಣವನ್ನು ಕೆಡಿಸುತ್ತಿತ್ತು. ನಾದಾರನ ಆ ಚಿತ್ರಗಳು ಇವತ್ತು ಉಳಿದಿಲ್ಲ. ಉಳಿದವುಗಳಲ್ಲಿ ಅತಿ ಹಳೆಯದು 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ ಚಿತ್ರ.

ನಮ್ಮ ಕಾಲದಲ್ಲಿ ಅಷ್ಟು ಪಾಡುಪಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಚುಕ್ಕಿಯ ಮೇಲೆ ಹೀಲಿಂಗ್ ಬ್ರಷ್ ಇಟ್ಟು ಒತ್ತಿದರೆ ಮುಗಿಯಿತು. ಹರಿದ ಪಂಚೆಗೆ ಅದರದೇ ಅಂಚಿನ ತುಂಡಿನಿಂದ ತೇಪೆ ಹಾಕಿದಂತೆ, ಅಕ್ಕಪಕ್ಕದ ಆಕಾಶವನ್ನು ತಂದು ಅಲ್ಲಿ ಹೊಲಿದುಬಿಡುತ್ತದೆ. ಮದುವೆಯ ವಿಡಿಯೋಗೆ, ಕ್ಯಾಲೆಂಡರ್ ಚಿತ್ರಕ್ಕೆ ಇಷ್ಟು ಸಾಕು, ನನ್ನ ತಕರಾರಿಲ್ಲ. ಆದರೆ ಒತ್ತುವ ಮೊದಲು ಚಿತ್ರವನ್ನು ದೊಡ್ಡದು ಮಾಡಿ ನೋಡುವ ಪುರುಸೊತ್ತು ಬೇಕು. ದೂರದಲ್ಲಿ ತೇಲುವ ಹದ್ದು ಕೂಡ ಅಷ್ಟೇ ಗಾತ್ರದ ಚುಕ್ಕಿ. ಬ್ರಷ್‌ಗೆ ಹದ್ದೂ ಒಂದೇ, ಧೂಳೂ ಒಂದೇ.

ಅಳಿಸುವ ಆತುರ ಇಲ್ಲದಿದ್ದರೆ ಏನು ಸಿಕ್ಕೀತು ಎಂಬುದಕ್ಕೆ ಐರ್ಲೆಂಡಿನ ಉದಾಹರಣೆ ಇದೆ. 2018ರ ಬೇಸಿಗೆಯಲ್ಲಿ ಅಲ್ಲಿ ಬರಗಾಲ. ಜುಲೈ 10ರಂದು ಆಂಥನಿ ಮರ್ಫಿ ಮತ್ತು ಕೆನ್ ವಿಲಿಯಮ್ಸ್, ಐದು ಸಾವಿರ ವರ್ಷ ಹಳೆಯ ನ್ಯೂಗ್ರೇಂಜ್ ಸಮಾಧಿಯ ಹತ್ತಿರ ಡ್ರೋನ್ ಹಾರಿಸಿದರು. ಹೊಲವೊಂದರಲ್ಲಿ ಉಂಗುರದ ಆಕಾರದ ಗುರುತುಗಳು ಕಂಡವು. ನೆಲದ ಮೇಲೆ ನಿಂತವರಿಗೆ ಅದು ಬರೀ ಬೆಳೆ. ಮಣ್ಣಿನಡಿ, ಸಾವಿರಾರು ವರ್ಷಗಳ ಹಿಂದೆ ತೋಡಿ ಮುಚ್ಚಿಹೋದ ಗುಂಡಿ ಕಂದಕಗಳಿದ್ದವು. ಅಂಥ ಕಡೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಸುತ್ತಲಿನ ಪೈರು ಬಾಡಿದಾಗಲೂ ಅಲ್ಲಿನ ಪೈರು ಹಸಿರು ಬಿಡುವುದಿಲ್ಲ. ಒಳ್ಳೆಯ ಮಳೆಯ ವರ್ಷವಾಗಿದ್ದರೆ ಹೊಲವೆಲ್ಲ ಒಂದೇ ಹಸಿರಾಗಿ ಏನೂ ಕಾಣುತ್ತಿರಲಿಲ್ಲ. ಅವರು ಕಂಡದ್ದು ಕ್ಯಾಮೆರಾದ ಕಲೆಯಲ್ಲ ಎಂದು ಹೇಳಲು ಆಧಾರ ಮೊದಲು ಹೇಳಿದ್ದೇ: ಡ್ರೋನ್ ಸರಿದಾಗ ಗುರುತು ಹೊಲದ ಜೊತೆಗೇ ಸರಿಯಿತು.

ನಮ್ಮಲ್ಲಿ ಡ್ರೋನ್ ಚಿತ್ರ ನಂಬಿಕೆಯ ಪ್ರಶ್ನೆಯಾದದ್ದು ಸ್ವಾಮಿತ್ವ ಯೋಜನೆ ಬಂದ ಮೇಲೆ. 2020ರ ಏಪ್ರಿಲ್ 24ರಂದು ಆರಂಭವಾದ ಈ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಗ್ರಾಮಠಾಣಾದ ಮನೆ, ಹಿತ್ತಲುಗಳನ್ನು ಡ್ರೋನ್‌ನಿಂದ ಅಳೆದು ಆಸ್ತಿ ಕಾರ್ಡ್ ಕೊಡುವುದು ಉದ್ದೇಶ. ಹಾರುವ ಮೊದಲು ಪ್ರತಿ ಮನೆಯ ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಮೇಲಿನ ಕಣ್ಣಿಗೆ ಕಾಣಲಿ ಎಂದು ಬೇಕೆಂದೇ ಹಾಕಿದ ಗುರುತು ಅದು. ಅದರ ಮೇಲೆ ಧೂಳಿನ ಚುಕ್ಕಿ ಬಿದ್ದರೆ ಪಕ್ಕದ ಬಣ್ಣ ತಂದು ತೇಪೆ ಹಾಕುವ ಮಾತೇ ಇಲ್ಲ. ತೇಪೆ ಬಿದ್ದ ಜಾಗದಲ್ಲಿ ಒಬ್ಬನ ಎರಡಡಿ ಹಿತ್ತಲು ಇನ್ನೊಬ್ಬನ ಪಾಲಾದೀತು.

ಅಳತೆಯ ಚಿತ್ರಗಳಲ್ಲಿ ಚುಕ್ಕಿಯಿಂದ ತಪ್ಪಿಸಿಕೊಳ್ಳುವ ದಾರಿಯೇ ಬೇರೆ. ಡ್ರೋನ್ ಸಾಲು ಸಾಲಾಗಿ ಹಾರುತ್ತಾ, ಒಂದು ಚಿತ್ರದ ಮುಕ್ಕಾಲು ಪಾಲು ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯುತ್ತದೆ. ಹಾಗಾಗಿ ಒಂದೇ ಬಾವಿಕಟ್ಟೆ ಹಲವು ಚಿತ್ರಗಳಲ್ಲಿ, ಒಮ್ಮೆ ಮೂಲೆಯಲ್ಲಿ, ಒಮ್ಮೆ ನಡುವೆ ಬಂದಿರುತ್ತದೆ. ಚುಕ್ಕಿ ಮಾತ್ರ ತನ್ನ ಜಾಗ ಬಿಡುವುದಿಲ್ಲವಲ್ಲ, ಅದರ ಹಟವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಒಂದು ಚಿತ್ರದಲ್ಲಿ ಅದು ಮುಚ್ಚಿದ ನೆಲ ಇನ್ನೊಂದರಲ್ಲಿ ತೆರೆದಿರುತ್ತದೆ. ಕಲೆಯಿರುವಷ್ಟು ಭಾಗವನ್ನು ಕೈಬಿಟ್ಟು, ಅದೇ ನೆಲವನ್ನು ಪಕ್ಕದ ಚಿತ್ರದಿಂದ ಎತ್ತಿಕೊಳ್ಳಬಹುದು. ಕಾಣದ ಜಾಗವನ್ನು ಊಹೆಯಿಂದ ತುಂಬುವುದಕ್ಕೂ ನಾಲ್ಕು ಹೆಜ್ಜೆ ಸರಿದು ನಿಂತು ಮತ್ತೆ ನೋಡುವುದಕ್ಕೂ ಇರುವ ಅಂತರ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿ. ಊಹಿಸಿ ತುಂಬಿದ ಚಿತ್ರ, ಮತ್ತೆ ನೋಡಿ ತುಂಬಿದ ಚಿತ್ರ ಎರಡನ್ನೂ ಮುದ್ರಿಸಿ ಮುಂದಿಟ್ಟರೆ ಬರಿಗಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ನಕ್ಷೆಯನ್ನು ಹಾಗೆಯೇ ಒಪ್ಪಿಬಿಡುವುದಿಲ್ಲ. ಕರಡು ಹಿಡಿದು ಸಿಬ್ಬಂದಿ ಊರಿಗೆ ಹೋಗಿ ಸ್ಥಳದಲ್ಲೇ ತಾಳೆ ನೋಡುತ್ತಾರೆ. ಚಿತ್ರದಲ್ಲಿ ಕಂಡ ಬಿಳಿ ಗೆರೆ ಸುಣ್ಣದ್ದೋ, ಬೇಲಿಯ ಮೇಲೆ ಒಣಹಾಕಿದ ಸೀರೆಯದೋ ಎಂಬುದು ಅಲ್ಲಿ ಇತ್ಯರ್ಥವಾಗಬೇಕು. ಅದು ನಮ್ಮ ಗೋಡೆಯಲ್ಲ, ಪಕ್ಕದವರದು ಎಂದು ಯಾರಾದರೂ ಹೇಳಿದರೆ ತಕರಾರು ಸಲ್ಲಿಸಲೂ ಅವಕಾಶವಿದೆ.