ಗಾಯ ಮೊದಲು, ಪ್ರಶ್ನೆ ಆಮೇಲೆ

ಒಳ್ಳೆಯ ಸಮಾರಿತನ ಸಾಮತಿಯನ್ನು ನೀವು ಎಷ್ಟೋ ಬಾರಿ ಆಲಿಸಿದ್ದೀರಿ. ಅದರಲ್ಲಿ ಒಂದು ಸೂಕ್ಷ್ಮವಿದೆ. ಜೆರಿಕೋವಿನ ದಾರಿಯಲ್ಲಿ ಬಿದ್ದಿದ್ದ ಆ ಮನುಷ್ಯನ ಬಟ್ಟೆಗಳನ್ನು ಕಳ್ಳರು ಕಿತ್ತುಕೊಂಡಿದ್ದರು. ಅರೆಜೀವವಾಗಿದ್ದ ಅವನಿಗೆ ಮಾತನಾಡುವ ಶಕ್ತಿಯೂ ಇದ್ದಿರಲಾರದು. ಒಬ್ಬನು ಯಾವ ಕುಲದವನೆಂದು ತಿಳಿಸುವ ಉಡುಪು, ನುಡಿ ಎಂಬ ಎರಡು ಗುರುತುಗಳೂ ಅವನಲ್ಲಿ ಉಳಿದಿರಲಿಲ್ಲ. ಸಮಾರಿತನು ಅವನಾರೆಂದು ವಿಚಾರಿಸದೆ ಗಾಯಗಳನ್ನು ಕಟ್ಟಿದನು, ಛತ್ರಕ್ಕೆ ಒಯ್ದನು, ವೆಚ್ಚವನ್ನೂ ತಾನೇ ವಹಿಸಿಕೊಂಡನು.

ನಮ್ಮ ಕಾಲದಲ್ಲಿ ಈ ಕ್ರಮ ತಲೆಕೆಳಗಾದುದುಂಟು. 2016ರ ಮೇ ತಿಂಗಳಲ್ಲಿ ಪಾಕಿಸ್ತಾನದ ಪೇಶಾವರದಲ್ಲಿ ಗುಂಡೇಟಿನಿಂದ ಗಾಯಗೊಂಡ ಮಂಗಳಮುಖಿಯೊಬ್ಬರನ್ನು ಆಸ್ಪತ್ರೆಗೆ ಒಯ್ಯಲಾಯಿತು. ಗಂಡಸರ ವಾರ್ಡಿಗೋ ಹೆಂಗಸರ ವಾರ್ಡಿಗೋ ಎಂಬ ಗೊಂದಲದಲ್ಲಿಯೇ ಹೊತ್ತು ಕಳೆಯಿತೆಂದು ಸಂಗಡಿಗರು ದೂರಿದರು. ಆಕೆ ಬದುಕುಳಿಯಲಿಲ್ಲ.

ನಮ್ಮ ದೇಶದಲ್ಲಿ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳಿಗೆ ಕಾನೂನಿನ ಮಾನ್ಯತೆ ನೀಡಿ, ಆಸ್ಪತ್ರೆಗಳಲ್ಲಿ ಅವರಿಗೆ ತಕ್ಕ ಆರೈಕೆ ಒದಗಿಸುವಂತೆ ಸರ್ಕಾರಗಳಿಗೆ ಆದೇಶಿಸಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಅವರಿಗೆ ಚಿಕಿತ್ಸೆ ನಿರಾಕರಿಸುವುದನ್ನು ನಿಷೇಧಿಸಿತು. ಆದರೆ ನಮ್ಮ ನೋಟವನ್ನು ಯಾವ ಕಾಯಿದೆ ತಿದ್ದೀತು? ಹೊರರೋಗಿಗಳ ಸಾಲಿನಲ್ಲಿ ದಾಖಲೆಯಲ್ಲಿರುವ ಹಳೆಯ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ಎಲ್ಲರ ಕಣ್ಣು ತನ್ನತ್ತ ತಿರುಗಿದರೆ, ಆ ವ್ಯಕ್ತಿ ವೈದ್ಯರನ್ನು ಕಾಣದೆಯೇ ಹಿಂದಿರುಗಬಹುದು. ಗುಣವಾಗಬಹುದಾಗಿದ್ದ ಕಾಯಿಲೆ ಹೀಗೆ ಉಲ್ಬಣಿಸುತ್ತದೆ.

ಇಲ್ಲಿ ನಿಮ್ಮಲ್ಲೊಂದು ಪ್ರಶ್ನೆ ಏಳಬಹುದು. ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಯನ್ನು ಧರ್ಮಸಭೆ ಒಪ್ಪುವುದಿಲ್ಲವಲ್ಲವೇ? ನಿಜ. 2024ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಹೊರತಂದ ‘ಡಿಗ್ನಿಟಾಸ್ ಇನ್ಫಿನಿಟಾ’ ಘೋಷಣೆಯು ಅದನ್ನು ಸ್ಪಷ್ಟಪಡಿಸಿದೆ. ಆದರೆ ಮಾನವ ವ್ಯಕ್ತಿಯ ಘನತೆ ಯಾವ ಸ್ಥಿತಿಯಲ್ಲಿಯೂ ಅಳಿಯದು ಎಂಬುದೇ ಆ ಘೋಷಣೆಯ ತಳಹದಿ. ಬೋಧನೆಯನ್ನು ಅನುಸರಿಸುವುದು ಒಂದು. ಅದನ್ನು ಆಸ್ಪತ್ರೆಯ ಬಾಗಿಲಿಗೆ ಅಗುಳಿಯಾಗಿಸುವುದು ಇನ್ನೊಂದು. ಜ್ವರಕ್ಕೆ ಮದ್ದು ನೀಡಲು, ಮುರಿದ ಮೂಳೆ ಕೂಡಿಸಲು ರೋಗಿಯ ಬದುಕಿಗೆ ನಮ್ಮ ಸಮ್ಮತಿ ಬೇಕಿಲ್ಲ. ಆ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಂಡವರು, ಅದರ ಗಾಯ ಕೀವುಗಟ್ಟಿ ನಮ್ಮಲ್ಲಿಗೆ ಬಂದರೂ ತೊಳೆದು ಕಟ್ಟುವುದೇ ನಮ್ಮ ಕರ್ತವ್ಯ.

ಇದು ಬರಿಯ ಕಲ್ಪನೆಯಲ್ಲ. ರೋಮ್ ನಗರದ ಸಮೀಪದ ಟೊರ್ವಯಾನಿಕಾದಲ್ಲಿ, 2020ರ ಕೋವಿಡ್ ಲಾಕ್‌ಡೌನ್ ವೇಳೆ ದುಡಿಮೆ ಕಳೆದುಕೊಂಡ ಮಂಗಳಮುಖಿಯರು ಧರ್ಮಕೇಂದ್ರದ ಮೊರೆಹೊಕ್ಕರು. ಅಲ್ಲಿಯ ಗುರುಗಳು ನೆರವಾದರು. ವಿಶ್ವಗುರು ಫ್ರಾನ್ಸಿಸ್‌ರವರ ದಾನ ಕಾರ್ಯಾಲಯವು ಹಣ ಕಳುಹಿಸಿತು. ಮರುವರ್ಷ ಅವರಲ್ಲಿ ಹಲವರಿಗೆ ವ್ಯಾಟಿಕನ್ನಿನಲ್ಲಿಯೇ ಲಸಿಕೆ ದೊರೆಯಿತು. ಇದರಿಂದ ಧರ್ಮಸಭೆಯ ಬೋಧನೆಯ ಒಂದಕ್ಷರವೂ ಬದಲಾಗಲಿಲ್ಲ.

ನಮ್ಮ ನಾಡಿನಲ್ಲಿಯೂ ಕನ್ಯಾಸ್ತ್ರೀಯರು ನಡೆಸುವ ಆಸ್ಪತ್ರೆಗಳಿವೆ, ಹಳ್ಳಿಯ ಚಿಕಿತ್ಸಾಲಯಗಳಿವೆ. ನಿಮ್ಮಲ್ಲಿ ಕೆಲವರು ಅಂಥಲ್ಲಿ ದಾದಿಯರು, ಕೆಲವರು ಚೀಟಿ ಬರೆಯುವವರು, ಉಳಿದವರು ಸರದಿ ಕಾಯುವವರು. ನಾಳೆ ಅಂಥವರೊಬ್ಬರು ಬಂದರೆ, ತಮ್ಮನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಮೆಲುದನಿಯಲ್ಲಿ ಕೇಳಿರಿ. ಬೆಂಚಿನಲ್ಲಿ ಕೊಂಚ ಸರಿದು ಜಾಗ ಮಾಡಿಕೊಡಿರಿ. ನೋವು ಎಲ್ಲಿದೆಯೆಂದು ವಿಚಾರಿಸಿರಿ.